ಉಕ್ಕಿನ ಖಾತೆ, ಭದ್ರಾವತಿಯ ಕಾರ್ಖಾನೆ ಮತ್ತು ಎರಡು ಸ್ಥಾನಗಳ ಪಕ್ಷ

ನ್ಯೂಟೌನ್, ಭದ್ರಾವತಿ

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಮೂವತ್ತೆರಡು ವರ್ಷ ಅಲ್ಲಿನ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಾದ ವಿಐಎಸ್‌ಎಲ್‌ನಲ್ಲಿ ದುಡಿದರು. ಪಾಳಿ ಬದಲಾಗುವ ಸೈರನ್ ಕೂಗಿದಾಗ ಅಜ್ಜಿ ಸ್ಟೂಲ್ ಹತ್ತಿ ಗೋಡೆ ಗಡಿಯಾರದ ಮುಳ್ಳನ್ನು ಸರಿಪಡಿಸುತ್ತಿದ್ದರು. ಗಡಿಯಾರ ತಪ್ಪೀತು, ಕಾರ್ಖಾನೆ ತಪ್ಪುವುದಿಲ್ಲ ಎಂದು ಅವರು ನಂಬಿದ್ದರು.

1923ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ 1989ರಲ್ಲಿ ಕೇಂದ್ರದ ಸ್ಟೀಲ್ ಅಥಾರಿಟಿಯ ಕೈಸೇರಿತು. 1998ರಲ್ಲಿ ಅದರೊಳಗೇ ವಿಲೀನವಾಯಿತು. ಆಮೇಲೆ ಮಾರಾಟಕ್ಕೆ ಇಟ್ಟರು, ಕೊಳ್ಳುವವರು ಮುಂದೆ ಬರಲಿಲ್ಲ. ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಮುಚ್ಚುವ ತೀರ್ಮಾನವೂ ಹೊರಬಿತ್ತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಾತ್ಯತೀತ ಜನತಾದಳ ಎನ್‌ಡಿಎ ಸೇರಿತು. 2024ರ ಜೂನಿನಲ್ಲಿ ಆ ಪಕ್ಷದ ಎಚ್.ಡಿ. ಕುಮಾರಸ್ವಾಮಿಯವರು ಬೃಹತ್ ಕೈಗಾರಿಕೆ ಮತ್ತು ಉಕ್ಕು ಸಚಿವರಾದರು. ಆ ಸುದ್ದಿ ಬಂದ ರಾತ್ರಿ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದವರೆಲ್ಲ ಆ ಪಕ್ಷದವರೇನಲ್ಲ. ಉಕ್ಕಿನ ಕಡತ ಇನ್ನು ಕನ್ನಡ ಬಲ್ಲವರ ಮೇಜಿಗೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಎಷ್ಟೋ ಮಂದಿ ಸಂತೋಷಪಟ್ಟರು. ಸಚಿವರು ಕಾರ್ಖಾನೆಗೆ ಬಂದರು, ನೋಡಿದರು, ಪುನಶ್ಚೇತನದ ಭರವಸೆಯನ್ನೂ ಕೊಟ್ಟರು.

2025ರ ಜನವರಿಯಲ್ಲಿ ಕೇಂದ್ರ ಸಂಪುಟ ಉಕ್ಕಿನ ಕಾರ್ಖಾನೆಯೊಂದರ ಪುನಶ್ಚೇತನಕ್ಕೆ 11,440 ಕೋಟಿ ರೂಪಾಯಿ ಮಂಜೂರು ಮಾಡಿತು. ಆ ಹಣ ಹೋದದ್ದು ವಿಶಾಖಪಟ್ಟಣಕ್ಕೆ. ಅಲ್ಲಿನ ಕಾರ್ಮಿಕರ ಬಗ್ಗೆ ನನಗೆ ಅಸೂಯೆಯಿಲ್ಲ. ಅವರೂ ನಮ್ಮಂತೆಯೇ ವರ್ಷಗಟ್ಟಲೆ ಧರಣಿ ಕೂತವರು. ಆದರೆ ಖಾತೆ ನಮ್ಮವರ ಕೈಯಲ್ಲಿದ್ದೂ ಹಣ ಮೊದಲು ಅಲ್ಲಿಗೆ ಹೋಯಿತೆಂದರೆ, ರಾಷ್ಟ್ರೀಯ ಮೈತ್ರಿಕೂಟದೊಳಗೆ ಪ್ರಾದೇಶಿಕ ಪಕ್ಷವೊಂದರ ಬಲ ನಿಜವಾಗಿ ಎಲ್ಲಿರುತ್ತದೆ? ಖಾತೆಯಲ್ಲೋ, ಸ್ಥಾನಗಳ ಸಂಖ್ಯೆಯಲ್ಲೋ, ಕೇಳುವ ಕ್ರಮದಲ್ಲೋ? ಪಕ್ಷಾಭಿಮಾನವನ್ನು ಬದಿಗಿಟ್ಟು ನಮ್ಮ ಸೀಮೆಯವರು ಇದನ್ನು ಚರ್ಚಿಸಬೇಕೆಂದು ಕೋರುತ್ತೇನೆ.

ದುರ್ಗಿಗುಡಿ, ಶಿವಮೊಗ್ಗ

ಲೆಕ್ಕವನ್ನು ಮೊದಲು ನೋಡೋಣ. 2024ರ ಲೋಕಸಭೆಯಲ್ಲಿ ಬಹುಮತಕ್ಕೆ 272 ಬೇಕು. ಬಿಜೆಪಿಗೆ ಬಂದದ್ದು 240, ಮೈತ್ರಿಕೂಟಕ್ಕೆ ಒಟ್ಟು 293. ಅದರಲ್ಲಿ ತೆಲುಗು ದೇಶಂ 16, ನಿತೀಶ್ ಕುಮಾರರ ಸಂಯುಕ್ತ ಜನತಾದಳ 12, ನಮ್ಮ ಜಾತ್ಯತೀತ ಜನತಾದಳ 2. ಮೊದಲಿನ ಎರಡು ಪಕ್ಷಗಳು ಒಟ್ಟಿಗೆ ಹೊರನಡೆದರೆ ಉಳಿಯುವುದು 265, ಸರ್ಕಾರ ಬೀಳುತ್ತದೆ. ನಮ್ಮ ಪಕ್ಷ ಹೊರನಡೆದರೆ 291 ಉಳಿಯುತ್ತದೆ, ಯಾರ ನಿದ್ದೆಯೂ ಕೆಡುವುದಿಲ್ಲ.

ಹಾಗಾಗಿ ಎರಡು ಸ್ಥಾನಕ್ಕೆ ಸಂಪುಟ ದರ್ಜೆ ಸಿಕ್ಕಿದ್ದು ದೆಹಲಿಯ ಅಗತ್ಯದಿಂದಲ್ಲ, ಕರ್ನಾಟಕದ ಅಗತ್ಯದಿಂದ. ಹಳೇ ಮೈಸೂರಿನ ಒಕ್ಕಲಿಗರ ಮತ ಬಿಜೆಪಿಗೆ ಬೇಕಿತ್ತು. 2023ರ ವಿಧಾನಸಭೆಯಲ್ಲಿ 19 ಸ್ಥಾನಕ್ಕೆ ಇಳಿದಿದ್ದ ದಳಕ್ಕೆ ಉಳಿವಿನ ದಾರಿ ಬೇಕಿತ್ತು. ಆ ಕೊಡುಕೊಳ್ಳುವಿಕೆಯಲ್ಲಿ ಮಂಡ್ಯ, ಹಾಸನ, ಕೋಲಾರದ ಮಾತು ನಡೆಯಿತು. ಭದ್ರಾವತಿಯ ಮಾತು ಆ ಮೇಜಿಗೆ ಬಂದಿತ್ತೇ ಎಂಬುದನ್ನು ನಾವು ಕೇಳಬೇಕು.

ತೀರ್ಥಹಳ್ಳಿ, ಅಡಿಕೆ ತೋಟದಿಂದ

ದುರ್ಗಿಗುಡಿಯವರ ಲೆಕ್ಕ ಸರಿ. ಆದರೆ ಮಲೆನಾಡಿನಲ್ಲಿ ಪ್ರಾದೇಶಿಕ ಪಕ್ಷ ಏಕೆ ಬೇರುಬಿಡಲಿಲ್ಲ ಎಂಬುದನ್ನು ನೋಡದೆ ಈ ಚರ್ಚೆ ಮುಂದೆ ಹೋಗದು.

ನಮ್ಮದು ಸಮಾಜವಾದಿಗಳ ನೆಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಗದ್ದೆಗಿಳಿದದ್ದು ಉಳುಮೆಯ ಹಕ್ಕಿಗಾಗಿ. ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದ ಹೋರಾಟ ಅದು. ಮರುವರ್ಷ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ಅವರಷ್ಟು ಕನ್ನಡಾಭಿಮಾನಿಗಳು ಕಡಿಮೆ, ಆದರೆ ಅವರು ಕಟ್ಟಿದ್ದು ಭಾಷೆಯ ಪಕ್ಷವನ್ನಲ್ಲ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು; ಅವರೂ ಅಖಿಲ ಭಾರತ ಮಟ್ಟದ ಸಂಯುಕ್ತ ಸಮಾಜವಾದಿ ಪಕ್ಷದವರೇ. ತಮಿಳುನಾಡಿನಲ್ಲಿ ಭಾಷೆಯ ಸ್ವಾಭಿಮಾನ ದ್ರಾವಿಡ ಚಳವಳಿಯ ಮೂಲಕ ಪಕ್ಷವಾಯಿತು. ನಮ್ಮಲ್ಲಿ ಗೇಣಿಯ ಹೋರಾಟ ರಾಷ್ಟ್ರೀಯ ಪಕ್ಷಗಳ ಮೂಲಕವೇ ಸಾಗಿ 1974ರ ಭೂಸುಧಾರಣೆಯಲ್ಲಿ ಫಲ ಕೊಟ್ಟಿತು. ಕೇಳಿದ್ದು ಸಿಕ್ಕಿದ ಮೇಲೆ ಬೇರೆ ಪಕ್ಷ ಕಟ್ಟುವ ಹಂಬಲ ಯಾರಿಗೆ ಉಳಿಯುತ್ತದೆ?

ಅದರ ಬೆಲೆಯನ್ನು ಈಗ ತೆರುತ್ತಿದ್ದೇವೆ. ನಮ್ಮ ಬದುಕಿನ ದೊಡ್ಡ ತೀರ್ಮಾನಗಳೆಲ್ಲ ಇಂದು ದೆಹಲಿಯಲ್ಲಾಗುತ್ತವೆ. ಅಡಿಕೆಯ ಕನಿಷ್ಠ ಆಮದು ದರವನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು 2023ರಲ್ಲಿ ಕೇಂದ್ರ. ಅದಕ್ಕೂ ಕೆಲವೇ ತಿಂಗಳ ಹಿಂದೆ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಆ ದರದ ಕಟ್ಟಿಲ್ಲದೆ ತರಲು ಒಪ್ಪಿದ್ದೂ ಕೇಂದ್ರವೇ. ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸಿಗೆ ಮೂಟೆ ಇಳಿಸಿ ಬೋರ್ಡಿನ ಮುಂದೆ ನಿಂತು ದರ ನೋಡುವಾಗ, ಈ ಅಂಕಿಯ ಹಿಂದೆ ಎಷ್ಟು ದೂರದ ಸಹಿಯಿದೆ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ. ಅಡಿಕೆಗಾಗಿ ಮೈತ್ರಿ ಮುರಿಯುತ್ತೇವೆ ಎನ್ನಬಲ್ಲ ಒಂದು ಪಕ್ಷವೂ ಲೋಕಸಭೆಯಲ್ಲಿಲ್ಲ.

ಸೊರಬ

ಬೇರುಬಿಡಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. 1996ರಲ್ಲಿ ನಮ್ಮ ಬಂಗಾರಪ್ಪನವರು ಕರ್ನಾಟಕ ಕಾಂಗ್ರೆಸ್ ಪಕ್ಷ ಎಂಬ ತಮ್ಮದೇ ಪಕ್ಷದಿಂದ ಶಿವಮೊಗ್ಗ ಗೆದ್ದರು. ಆದರೆ ಮುಂದಿನದನ್ನು ನೋಡಿ: 1998ರಲ್ಲಿ ಕರ್ನಾಟಕ ವಿಕಾಸ ಪಕ್ಷ, 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷ. ಒಂದೇ ಕ್ಷೇತ್ರ, ಐದು ಚುನಾವಣೆ, ಐದು ಪಕ್ಷ. 1998ರಲ್ಲಿ ಬಿಟ್ಟರೆ ಉಳಿದ ನಾಲ್ಕರಲ್ಲೂ ಜನ ಅವರನ್ನು ಗೆಲ್ಲಿಸಿದರು. ನಮ್ಮ ತಂದೆ ಪ್ರತಿ ಸಲವೂ ಮನೆಮನೆಗೆ ಹೋಗಿ ಹೊಸ ಚಿಹ್ನೆ ಯಾವುದೆಂದು ಹೇಳಿ ಬರುತ್ತಿದ್ದರು. ಜನ ಮತ ಹಾಕಿದ್ದು ಮನುಷ್ಯನಿಗೆ; ಅವರ ನಂತರ ಉಳಿಯುವಂಥ ಪಕ್ಷ ಕಟ್ಟಲಾಗಲಿಲ್ಲ. ಅವರ ಮೇಲಿನ ಗೌರವ ಕಡಿಮೆಯಾಗದೆಯೇ ಈ ಮಾತು ಹೇಳುತ್ತಿದ್ದೇನೆ.

ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷವೂ (ಕೆಜೆಪಿ) ಅಷ್ಟೇ. 2013ರಲ್ಲಿ ಆರು ಸ್ಥಾನ ಗೆದ್ದಿತು, ಬಿಜೆಪಿಯನ್ನು 40ಕ್ಕೆ ಇಳಿಸಿತು, 2014ರ ಜನವರಿಗೆ ಮರಳಿ ಬಿಜೆಪಿಯಲ್ಲೇ ಕರಗಿತು.

ಶಿಕಾರಿಪುರ ರಸ್ತೆ

ಮೇಲಿನವರ ಭಾವನೆ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. 2023ರ ಫೆಬ್ರವರಿಯಲ್ಲಿ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬಂತು. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸಿಗಂದೂರು ಸೇತುವೆ ತೆರೆಯಿತು. ಲಿಂಗನಮಕ್ಕಿ ಜಲಾಶಯ ತುಂಬಿದಾಗಿನಿಂದ ಲಾಂಚಿಗಾಗಿ ಕಾದು ನಿಂತ ತುಮರಿ, ಬ್ಯಾಕೋಡಿನ ಜನಕ್ಕೆ ಆ ಸೇತುವೆ ಏನೆಂಬುದನ್ನು ದಡದಲ್ಲಿ ರಾತ್ರಿ ಕಳೆದವರೇ ಹೇಳಬೇಕು. ನನ್ನ ಅಕ್ಕನ ಹೆರಿಗೆ ನೋವಿನ ರಾತ್ರಿಯಲ್ಲಿ ನಾವು ಹಾಗೆ ಕಾದಿದ್ದೇವೆ. ಅದನ್ನು ತಂದದ್ದು ಪ್ರಾದೇಶಿಕ ಪಕ್ಷವಲ್ಲ. ಆಳುವ ರಾಷ್ಟ್ರೀಯ ಪಕ್ಷದ ಸಂಸದರಿದ್ದರೆ ಬೆದರಿಕೆ ಹಾಕದೆಯೂ ಕೆಲಸವಾಗುತ್ತದೆ.

ಇನ್ನು ವಿಶಾಖಪಟ್ಟಣದ ಹೋಲಿಕೆ. ಅದು ವರ್ಷಕ್ಕೆ 73 ಲಕ್ಷ ಟನ್ ಸಾಮರ್ಥ್ಯದ, ಸಮುದ್ರ ದಡದ ಕಾರ್ಖಾನೆ. ನಮ್ಮದು ವಿಶೇಷ ಉಕ್ಕು ತಯಾರಿಸುವ ಸಣ್ಣ ಘಟಕ, ಸ್ವಂತ ಅದಿರಿನ ಗಣಿಯಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ನಿಂತ ದಿನದಿಂದಲೇ ಭದ್ರಾವತಿಯ ಕಷ್ಟ ಶುರುವಾಯಿತು. ಇದನ್ನೆಲ್ಲ ಬರೀ ಮೈತ್ರಿ ರಾಜಕಾರಣದ ತಲೆಗೆ ಕಟ್ಟುವುದು ಸರಿಯಲ್ಲ.

ನ್ಯೂಟೌನ್, ಭದ್ರಾವತಿ

ಶಿಕಾರಿಪುರ ರಸ್ತೆಯವರೇ, ಗಣಿಯ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಅಪ್ಪನೂ ಅದನ್ನೇ ಹೇಳುತ್ತಾರೆ. ಸೇತುವೆಯ ಬಗ್ಗೆಯೂ ನನ್ನ ತಕರಾರಿಲ್ಲ, ನಿಮ್ಮ ಅಕ್ಕನ ರಾತ್ರಿಯನ್ನು ಓದಿ ಮನಸ್ಸು ಭಾರವಾಯಿತು.

ಆದರೆ ವಿಶಾಖಪಟ್ಟಣದ ಕಾರ್ಖಾನೆಗೂ ಸ್ವಂತ ಗಣಿಯಿಲ್ಲ. ಅದನ್ನು ಮಾರಬೇಕೆಂದು 2021ರ ಜನವರಿಯಲ್ಲಿ ತಾತ್ವಿಕವಾಗಿ ಒಪ್ಪಿದ್ದು ಕೇಂದ್ರವೇ. ನಾಲ್ಕು ವರ್ಷದಲ್ಲಿ ಕಾರ್ಖಾನೆಯ ನೆಲವಾಗಲಿ ಕಡಲಾಗಲಿ ಬದಲಾಗಲಿಲ್ಲ, ಬದಲಾದದ್ದು ಲೋಕಸಭೆಯ ಲೆಕ್ಕ. ‘ವಿಶಾಖ ಉಕ್ಕು ಆಂಧ್ರರ ಹಕ್ಕು’ ಎಂಬ 1966ರ ಕೂಗು ಅಲ್ಲಿ ಪಕ್ಷಭೇದವಿಲ್ಲದೆ ಎಲ್ಲರ ಬಾಯಲ್ಲಿ ಉಳಿದಿದೆ. ಭದ್ರಾವತಿಯ ಕೂಗು ಜಿಲ್ಲೆಯ ಗಡಿ ದಾಟಿ ಮಂಡ್ಯಕ್ಕೂ ಬೆಳಗಾವಿಗೂ ಹೋಗಲಿಲ್ಲ.

ಒಂದು ತಪ್ಪನ್ನು ನಾವೂ ಒಪ್ಪಬೇಕು. ನಮ್ಮೂರಿನ ಎಂಪಿಎಂ ಕಾಗದ ಕಾರ್ಖಾನೆ ರಾಜ್ಯ ಸರ್ಕಾರದ್ದೇ. ಒಂದು ದಶಕದಿಂದ ಅದು ನಿಂತಿದೆ, ಆ ಅವಧಿಯಲ್ಲಿ ಮೂರೂ ಪಕ್ಷದವರು ಮುಖ್ಯಮಂತ್ರಿಗಳಾಗಿದ್ದಾರೆ. ಅಲ್ಲಿ ದೆಹಲಿಯನ್ನು ದೂರಿ ಪ್ರಯೋಜನವಿಲ್ಲ.

ಸಾಗರ, ನಿವೃತ್ತ ಉಪನ್ಯಾಸಕ

1996ನ್ನು ಕಣ್ಣಾರೆ ಕಂಡವನಾಗಿ ಕೆಲವು ಮಾತು ಸೇರಿಸುತ್ತೇನೆ. ಆ ವರ್ಷ ಜನತಾದಳ ಕರ್ನಾಟಕದ 28ರಲ್ಲಿ 16 ಸ್ಥಾನ ಗೆದ್ದಿತ್ತು. ಸಂಯುಕ್ತ ರಂಗದ ಹದಿಮೂರು ಪಕ್ಷಗಳಲ್ಲಿ ದಳವೇ ದೊಡ್ಡದು, ಇಡೀ ದೇಶದಲ್ಲಿ ಅದಕ್ಕಿದ್ದದ್ದು 46 ಸ್ಥಾನ. ಜೂನ್ 1ರಂದು ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡಾಗ ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲ ಪಕ್ಷದವರೂ ಒಂದೇ ರೇಡಿಯೋದ ಸುತ್ತ ನಿಂತಿದ್ದೆವು. ಹನ್ನೊಂದು ತಿಂಗಳೊಳಗೆ, ಹೊರಗಿನಿಂದ ಬೆಂಬಲ ಕೊಟ್ಟಿದ್ದ ಕಾಂಗ್ರೆಸ್ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. 1997ರ ಏಪ್ರಿಲ್ 11ರಂದು ವಿಶ್ವಾಸಮತ ಬಿದ್ದುಹೋಯಿತು.

ಅಷ್ಟು ಕಡಿಮೆ ಕಾಲದಲ್ಲೂ ಗಂಗಾ ನೀರಿನ ಕುರಿತು ಬಾಂಗ್ಲಾದೇಶದೊಂದಿಗೆ ಒಪ್ಪಂದವಾಯಿತು, ಅರ್ಧಕ್ಕೆ ನಿಂತ ನೀರಾವರಿ ಯೋಜನೆಗಳಿಗೆ ಕೇಂದ್ರದ ನೆರವು ಕೊಡುವ ತ್ವರಿತ ನೀರಾವರಿ ಕಾರ್ಯಕ್ರಮ ಶುರುವಾಯಿತು. ಹುಬ್ಬಳ್ಳಿಯ ನೈಋತ್ಯ ರೈಲ್ವೆ ವಲಯದ ಘೋಷಣೆ ಬಂದದ್ದೂ ಆಗಲೇ. ಆದರೆ ಆ ವಲಯ ಕೆಲಸ ಆರಂಭಿಸಿದ್ದು 2003ರ ಏಪ್ರಿಲಿನಲ್ಲಿ. ಪ್ರಧಾನಿ ಪಟ್ಟವೇ ನಮ್ಮವರಲ್ಲಿದ್ದರೂ ಘೋಷಣೆ ಕಾರ್ಯರೂಪಕ್ಕೆ ಬರಲು ಏಳು ವರ್ಷ ಹಿಡಿಯಿತು. ಹುದ್ದೆಗಿಂತ ಅದರ ಹಿಂದೆ ನಿಂತ ಪಕ್ಷದ ಬಾಳಿಕೆ ಮುಖ್ಯವೆಂದು ಆಗ ನನಗೆ ಮನವರಿಕೆಯಾಯಿತು. 16 ಸ್ಥಾನ ಗೆದ್ದಿದ್ದ ದಳ ಎರಡೇ ವರ್ಷದಲ್ಲಿ 3ಕ್ಕೆ ಇಳಿಯಿತು. ರಾಮಕೃಷ್ಣ ಹೆಗಡೆಯವರ ಲೋಕಶಕ್ತಿ ಬಿಜೆಪಿಯ ಜೊತೆ ಹೋಗಿ ಇನ್ನೊಂದು 3 ಗೆದ್ದಿತು, ಹೆಗಡೆ ವಾಜಪೇಯಿ ಸಂಪುಟ ಸೇರಿದರು. 1999ರಲ್ಲಿ ಉಳಿದ ದಳವೂ ಇಬ್ಭಾಗವಾಗಿ ಜಾತ್ಯತೀತ ಜನತಾದಳ ಹುಟ್ಟಿತು, ಆ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಅದಕ್ಕೆ ಒಂದು ಸ್ಥಾನವೂ ಬರಲಿಲ್ಲ. ಈ ಪಕ್ಷ ಪ್ರಾದೇಶಿಕವಾದದ್ದು ಪ್ರಾದೇಶಿಕ ಧ್ಯೇಯದಿಂದಲ್ಲ, ಒಡೆದು ಒಡೆದು ಕುಗ್ಗಿದ್ದರಿಂದ ಎಂಬುದನ್ನು ನಾವು ಮರೆಯುತ್ತೇವೆ.

ನನ್ನ ಎರಡನೆಯ ಮಾತು ಕೇಳುವ ಕ್ರಮದ ಬಗ್ಗೆ. 2004ರಲ್ಲಿ ಯುಪಿಎ ಸರ್ಕಾರ ರಚನೆಯಾದಾಗ, ತಮಿಳಿಗೆ ಶಾಸ್ತ್ರೀಯ ಭಾಷೆಯ ಸ್ಥಾನ ಕೊಡುವ ವಿಷಯವನ್ನು ಮೈತ್ರಿಯ ಸಾಮಾನ್ಯ ಕನಿಷ್ಠ ಕಾರ್ಯಕ್ರಮದಲ್ಲೇ ಬರೆಸಲಾಯಿತು. ಡಿಎಂಕೆಗಿದ್ದದ್ದು 16 ಸಂಸದರು. ಅದೇ ವರ್ಷ ತಮಿಳಿಗೆ ಆ ಸ್ಥಾನ ಬಂತು. ಕನ್ನಡಕ್ಕೆ ಬಂದದ್ದು 2008ರಲ್ಲಿ, ಧರಣಿ, ನಿಯೋಗ, ಮನವಿಗಳೆಲ್ಲ ಆದ ಮೇಲೆ. ಸಾವಿರ ವರ್ಷಕ್ಕೂ ಮಿಕ್ಕಿದ ಸಾಹಿತ್ಯವಿರುವ ಭಾಷೆಗೆ ನಾಲ್ಕು ವರ್ಷ ತಡವಾದದ್ದು ವಿದ್ವತ್ತಿನ ಕೊರತೆಯಿಂದಲ್ಲ. ಸರ್ಕಾರ ರಚನೆಗೆ ಮುನ್ನ ಕಾಗದದ ಮೇಲೆ ಬರೆಸುವವರು ನಮ್ಮ ಪರವಾಗಿ ಆ ಕೋಣೆಯಲ್ಲಿರಲಿಲ್ಲ, ಅಷ್ಟೇ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊಪ್ಪ

ಮೇಷ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ, ಆದರೂ ಒಂದು ಅಳುಕಿದೆ. ಪ್ರಾದೇಶಿಕ ಪಕ್ಷ ಬಲಗೊಂಡರೆ ಅದು ಮಲೆನಾಡಿನ ಪರವಾಗಿಯೇ ಕೇಳುತ್ತದೆ ಎಂದು ಹೇಗೆ ನಂಬುವುದು?

ನಮ್ಮ ಕಡೆಯ ಕುದುರೆಮುಖದಲ್ಲಿ ಅದಿರು ತೆಗೆಯುತ್ತಿದ್ದ ಕಂಪನಿಯೂ ಉಕ್ಕು ಸಚಿವಾಲಯದ್ದೇ. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು. ಹೂಳು ಹೊತ್ತು ಕೆಂಪಾಗಿ ಹರಿಯುತ್ತಿದ್ದ ಭದ್ರೆ ತಿಳಿಯಾದುದನ್ನು ನಮ್ಮ ತಲೆಮಾರಿನವರು ಕಂಡಿದ್ದೇವೆ. ಕನ್ನಡಿಗ ಸಚಿವರು ಖಾತೆ ವಹಿಸಿಕೊಂಡ ಹೊಸತರಲ್ಲೇ ಸಹಿ ಹಾಕಿದ ಕಡತ, ಅದೇ ಕಂಪನಿಗೆ ಸಂಡೂರಿನ ದೇವದಾರಿ ಕಾಡಿನಲ್ಲಿ ಗಣಿ ಕೊಡುವುದಕ್ಕೆ ಸಂಬಂಧಿಸಿದ್ದು. ರಾಜ್ಯದಲ್ಲಿ ಅದಕ್ಕೆ ವಿರೋಧ ಬಂತು. ಆ ಪಕ್ಷದ ಬೇರು ಕಾವೇರಿ ಬಯಲಿನಲ್ಲಿದೆ, ಘಟ್ಟದ ನೋವು ಅದಕ್ಕೆ ಅಷ್ಟಾಗಿ ತಟ್ಟಿಲ್ಲ.

ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2024ರ ಜುಲೈಯಲ್ಲಿ ಆರನೇ ಬಾರಿಗೆ ಬಂತು, ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಶರಾವತಿ ಮುಳುಗಡೆ ಸಂತ್ರಸ್ತರ ಜಮೀನಿನ ಪ್ರಶ್ನೆಯೂ ಕೇಂದ್ರದ ಅರಣ್ಯ ಅನುಮತಿಗೆ ಬಂದು ನಿಲ್ಲುತ್ತದೆ. ಕಾಡೂ ಉಳಿಯಬೇಕು, ಅರವತ್ತು ವರ್ಷದ ಹಿಂದೆ ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರಿಗೆ ಹಕ್ಕುಪತ್ರವೂ ಸಿಗಬೇಕು. ಈ ಎರಡನ್ನೂ ಒಟ್ಟಿಗೆ ಹೇಳಬಲ್ಲ ಪಕ್ಷ ನನಗೆ ಇನ್ನೂ ಕಂಡಿಲ್ಲ.

ತೀರ್ಥಹಳ್ಳಿ, ಅಡಿಕೆ ತೋಟದಿಂದ

ಕೊಪ್ಪದ ಅಕ್ಕಾವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಪೂರ್ತಿ ಒಪ್ಪಿದೆ.

ದುರ್ಗಿಗುಡಿ, ಶಿವಮೊಗ್ಗ

2019ರ ಅನುಭವವನ್ನೂ ಇಲ್ಲಿ ಹೇಳಬೇಕು. ಕಾಂಗ್ರೆಸ್ ಮತ್ತು ದಳದ ಮೈತ್ರಿಯಲ್ಲಿ ದಳಕ್ಕೆ ಸಿಕ್ಕ ಏಳು ಕ್ಷೇತ್ರಗಳಲ್ಲಿ ಶಿವಮೊಗ್ಗವೂ ಉಡುಪಿ ಚಿಕ್ಕಮಗಳೂರೂ ಇದ್ದವು. ಉಡುಪಿ ಚಿಕ್ಕಮಗಳೂರಿನಲ್ಲಿ ಕಾಂಗ್ರೆಸ್ಸಿನ ಪ್ರಮೋದ್ ಮಧ್ವರಾಜರೇ ದಳದ ತೆನೆ ಹೊತ್ತ ಮಹಿಳೆಯ ಚಿಹ್ನೆಯಲ್ಲಿ ನಿಲ್ಲಬೇಕಾಯಿತು. ತನ್ನ ಅಭ್ಯರ್ಥಿಯೇ ಇಲ್ಲದ ಕ್ಷೇತ್ರವನ್ನು ಪಕ್ಷ ಕೇಳಿ ಪಡೆದಿತ್ತು. ಶಿವಮೊಗ್ಗದಲ್ಲಿ ಮಧು ಬಂಗಾರಪ್ಪನವರು 2018ರ ಉಪಚುನಾವಣೆಯಲ್ಲಿ ಸುಮಾರು 52 ಸಾವಿರ ಮತಗಳಿಂದ ಸೋತಿದ್ದರು. ಆರು ತಿಂಗಳ ನಂತರ, ಅದೇ ಮೈತ್ರಿಯಲ್ಲಿ, ಅಂತರ ಎರಡು ಲಕ್ಷ ದಾಟಿತು. ನಾನು ಆ ಚುನಾವಣೆಯಲ್ಲಿ ಬೂತಿನ ಏಜೆಂಟನಾಗಿ ಕೂತಿದ್ದೆ. ಎರಡು ಪಕ್ಷದ ಕಾರ್ಯಕರ್ತರು ಒಂದೇ ಬೆಂಚಿನಲ್ಲಿ ಕೂತರು, ಬೆಳಗಿನಿಂದ ಸಂಜೆಯವರೆಗೆ ಒಬ್ಬರ ಮತದಾರರ ಪಟ್ಟಿಯನ್ನು ಇನ್ನೊಬ್ಬರಿಗೆ ತೋರಿಸಲಿಲ್ಲ. ರಾಜ್ಯದಲ್ಲಿ ಎರಡೂ ಪಕ್ಷಕ್ಕೆ ತಲಾ ಒಂದೇ ಸ್ಥಾನ ಬಂತು, ಜುಲೈ 23ರಂದು ಸರ್ಕಾರವೂ ಬಿತ್ತು.

ಸ್ಥಾನ ಹಂಚಿಕೆ ಬೆಂಗಳೂರಿನಲ್ಲೂ ದೆಹಲಿಯಲ್ಲೂ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಬೂತಿನ ಬೆಂಚಿನಲ್ಲಿ ಅದು ಕೂಡಿಬರಲು ವರ್ಷಗಳೇ ಬೇಕು.

ಶಿಕಾರಿಪುರ ರಸ್ತೆ

ಹಾಗಾದರೆ ನ್ಯೂಟೌನಿನವರೇ, ನೀವು ಪ್ರಾದೇಶಿಕ ಪಕ್ಷ ಬೇಕೆನ್ನುತ್ತೀರೋ ಬೇಡವೆನ್ನುತ್ತೀರೋ? ಇಷ್ಟೆಲ್ಲ ಚರ್ಚೆಯಾದ ಮೇಲೆ ನಿಮ್ಮ ನಿಲುವು ತಿಳಿಯುವ ಆಸೆ.

ನ್ಯೂಟೌನ್, ಭದ್ರಾವತಿ

ಬೇಕು ಎನ್ನುತ್ತೇನೆ, ಆದರೆ ಸಾಗರದ ಮೇಷ್ಟ್ರು ಹೇಳಿದ ಕ್ರಮದಲ್ಲಿ ಬೇಕು. ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದದ್ದು ಜನವರಿಯಲ್ಲಿ, ದಳ ಮೈತ್ರಿ ಸೇರಿದ್ದು ಸೆಪ್ಟೆಂಬರಿನಲ್ಲಿ. ನಡುವೆ ಎಂಟು ತಿಂಗಳಿತ್ತು. ಆ ಅವಧಿಯಲ್ಲಿ ಗೇಟಿನ ಮುಂದೆ ಶಾಮಿಯಾನದ ಕೆಳಗೆ ಗುತ್ತಿಗೆ ಕಾರ್ಮಿಕರು ದಿನವೂ ಕೂತಿದ್ದರು. ‘ಭದ್ರಾವತಿಯನ್ನು ಮುಚ್ಚುವುದಿಲ್ಲ, ಅದಕ್ಕೊಂದು ಗಣಿ ಕೊಡುತ್ತೇವೆ’ ಎಂಬ ಎರಡು ಸಾಲನ್ನು ಮೈತ್ರಿಯ ಷರತ್ತಾಗಿ ಬರೆಸಿ ಜನರ ಮುಂದಿಟ್ಟಿದ್ದರೆ, ಎರಡೇ ಸ್ಥಾನದ ಪಕ್ಷವಾದರೂ ಅದರ ಮಾತಿಗೆ ಆಧಾರವಿರುತ್ತಿತ್ತು. ಸಚಿವರ ಮನಸ್ಸು ಒಳ್ಳೆಯದಿರಬಹುದು, ಭದ್ರಾವತಿಯ ಬಗ್ಗೆ ಅವರಿಗೆ ಕಾಳಜಿಯಿದೆಯೆಂದೇ ನಾನು ನಂಬಿದ್ದೇನೆ. ಆದರೆ ಭೇಟಿಗೆ ಬಂದಾಗ ಕೊಟ್ಟ ಭರವಸೆಯನ್ನು ಹಣಕಾಸು ಇಲಾಖೆ ಅಲ್ಲಗಳೆಯಬಹುದು, ಮೈತ್ರಿಯ ಷರತ್ತನ್ನು ಅಷ್ಟು ಸುಲಭವಾಗಿ ಅಲ್ಲಗಳೆಯಲಾಗದು.

ಆದ್ದರಿಂದ ಮುಂದಿನ ಲೋಕಸಭಾ ಚುನಾವಣೆಗೆ ಮುನ್ನ, ಯಾವ ಪಕ್ಷದವರು ನಮ್ಮ ಬೀದಿಗೆ ಬಂದರೂ ಒಂದೇ ಕಾಗದವನ್ನು ಮುಂದಿಡೋಣ ಎಂದು ಇಲ್ಲಿ ಕೆಲವರು ಮಾತಾಡಿಕೊಂಡಿದ್ದೇವೆ. ಅದರಲ್ಲಿ ವಿಐಎಸ್‌ಎಲ್‌ಗೆ ಅದಿರಿನ ಮೂಲ, ಅಡಿಕೆಯ ಆಮದಿನ ಕಟ್ಟುಪಾಡು, ಶರಾವತಿ ಸಂತ್ರಸ್ತರ ಹಕ್ಕುಪತ್ರ, ಈ ಮೂರು ಇರುತ್ತವೆ. ಗಣಿಯನ್ನು ಯಾವ ಕಾಡಿನಿಂದ ಕೇಳಬಾರದು ಎಂಬುದನ್ನು ಕೊಪ್ಪದವರು ಬರೆದು ಕಳಿಸಿದರೆ ಅದನ್ನೂ ಸೇರಿಸುತ್ತೇವೆ. ಸೊರಬದವರ ತಂದೆಯವರು ಚಿಹ್ನೆ ಹೇಳಲು ಮನೆಮನೆಗೆ ಹೋದಂತೆ ಈ ಕಾಗದವನ್ನು ಹಿಡಿದು ಹೋಗುವವರು ಪ್ರತಿ ತಾಲ್ಲೂಕಿನಲ್ಲೂ ಬೇಕು.

ಮೊದಲ ಪ್ರತಿಯನ್ನು ಅಪ್ಪ ತಮ್ಮ ಕೈಬರಹದಲ್ಲಿ ಬರೆದಿದ್ದಾರೆ. ಅದಿರಿನ ಸಾಲನ್ನು ಮೂರು ಸಲ ಹೊಡೆದು ಹಾಕಿ ಮತ್ತೆ ಬರೆದರು, ವರ್ಷಕ್ಕೆ ಎಷ್ಟು ಟನ್ ಎಂಬುದು ಕರಾರುವಾಕ್ಕಾಗಿ ಇರಬೇಕೆಂದು. ನಾಳೆ ಅವರ ಜೊತೆ ಕೆಲಸ ಮಾಡಿದ ಇಬ್ಬರು ಹಿರಿಯರು ಮನೆಗೆ ಬರುತ್ತಿದ್ದಾರೆ, ಆ ಅಂಕಿಯನ್ನು ಕೂತು ತೀರ್ಮಾನಿಸಲು.